ನನ್ನ ಅನಿಮೇಷನ್ ಯಾಕೆ ಟೆಂಪ್ಲೇಟ್ ಥರ ಕಾಣುತ್ತದೆ?

ಪ್ರಶ್ನೆ: ಎರಡು ವರ್ಷದಿಂದ ಮೋಷನ್ ಡಿಸೈನ್, ಅಂದರೆ ಅಕ್ಷರ, ಆಕಾರಗಳಿಗೆ ಚಲನೆ ಕೊಡುವ ಕೆಲಸ, ಮಾಡುತ್ತಿದ್ದೇನೆ. ಟ್ಯುಟೋರಿಯಲ್ ನೋಡಿಕೊಂಡೇ ಆಫ್ಟರ್ ಎಫೆಕ್ಟ್ಸ್ ಸಾಫ್ಟ್‌ವೇರ್ ಕಲಿತೆ, ಈಗ 3ಡಿ ಮಾಡುವ ಬ್ಲೆಂಡರ್ ಕೂಡ ಸ್ವಲ್ಪ ಬರುತ್ತದೆ. ಆದರೂ ನಾನು ಮಾಡಿದ್ದೆಲ್ಲ ರೆಡಿಮೇಡ್ ಟೆಂಪ್ಲೇಟ್ ಥರ ಕಾಣುತ್ತದೆ. ಸೀರೀಸ್‌ಗಳ ಶುರುವಿನಲ್ಲಿ ಬರುವ ಟೈಟಲ್‌ಗಳು, ಟ್ರೇಲರ್‌ಗಳು, ದೊಡ್ಡ ಬ್ರ್ಯಾಂಡ್‌ಗಳ ಲೋಗೋ ಅನಿಮೇಷನ್ ನೋಡಿದಾಗ ಅವರು ಏನು ಬೇರೆ ಮಾಡುತ್ತಾರೆ ಅಂತ ಗೊತ್ತಾಗುವುದಿಲ್ಲ. ಎಲ್ಲರೂ ಟೈಟಲ್ ಸ್ಕಿಪ್ ಮಾಡುವ ಕಾಲದಲ್ಲಿ, ಎಐ ಬಂದಿರುವಾಗ, ಇದರಲ್ಲಿ ಇನ್ನೂ ಶ್ರಮ ಹಾಕಬಹುದಾ? ನನ್ನ ಮೂರು ತುಣುಕು ಕಳಿಸಿದ್ದೇನೆ.

ಉತ್ತರ: ಮೂರನ್ನೂ ನೋಡಿದೆ. 12 ಸೆಕೆಂಡಿನ ಲೋಗೋ ತುಣುಕನ್ನು ನಾಲ್ಕೈದು ಸಲ ನೋಡಿ, ಆಮೇಲೆ ಒಂದೊಂದೇ ಫ್ರೇಮ್, ಅಂದರೆ ವೀಡಿಯೊದ ಒಂದೊಂದೇ ಚಿತ್ರ, ಸರಿಸುತ್ತಾ ನೋಡಿದೆ. ನಿಮಗೆ ಕೈ ಚೆನ್ನಾಗಿ ಕೂತಿದೆ. ಸಾಫ್ಟ್‌ವೇರ್ ಎಲ್ಲೂ ಅಡ್ಡ ಬಂದಿಲ್ಲ. ತೊಂದರೆ ಬೇರೆ ಕಡೆ ಇದೆ. ಆ 12 ಸೆಕೆಂಡಿನಲ್ಲಿ ಒಂದು ಚೌಕ ತಿರುಗುತ್ತದೆ, ಗೆರೆಯೊಂದು ಬೆಳೆಯುತ್ತದೆ, ಕಣಗಳು ಚೆಲ್ಲಾಡುತ್ತವೆ, ಅಕ್ಷರಗಳು ಕೆಳಗಿನಿಂದ ಪುಟಿಯುತ್ತವೆ, ಕೊನೆಗೊಂದು ಹೊಳಪು ಹಾದುಹೋಗುತ್ತದೆ. ಐದು ಬೇರೆ ಬೇರೆ ಯೋಚನೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಆದರೆ ಐದೂ ಒಂದೇ ಥರ ಹೊರಟು, ಒಂದೇ ಥರ ನಿಲ್ಲುತ್ತವೆ. ನಿಮಗೆ ಟೆಂಪ್ಲೇಟ್ ಅನ್ನಿಸುತ್ತಿರುವುದು ಇದಕ್ಕೇ.

ನೀವು ಮೆಚ್ಚುವ ಕೆಲಸಗಳಲ್ಲಿ ಇದು ತಲೆಕೆಳಗಾಗಿರುತ್ತದೆ. ಅವರು ಶುರುವಿನಲ್ಲೇ ಒಂದು ಕಟ್ಟುಪಾಡು ಹಾಕಿಕೊಳ್ಳುತ್ತಾರೆ. ಈ ಕೆಲಸದಲ್ಲಿ ವಸ್ತುಗಳು ಹೀಗೆ ಮಾತ್ರ ಚಲಿಸಬೇಕು, ಬೇರೆ ಯಾವ ಥರವೂ ಕೂಡದು ಅಂತ. ಆಮೇಲೆ ಕೊನೆಯ ಫ್ರೇಮ್‌ವರೆಗೂ ಅದನ್ನು ಮುರಿಯುವುದಿಲ್ಲ.

"ಸೆವೆರನ್ಸ್" ಸೀರೀಸ್‌ನ ಟೈಟಲ್ ನೋಡಿ. ಎಕ್ಸ್‌ಟ್ರಾವೆಗ್ ಅನ್ನುವ ಹೆಸರಿನಲ್ಲಿ ಕೆಲಸ ಮಾಡುವ ಆಲಿವರ್ ಲಾಟಾ ಮಾಡಿದ್ದು. 2022ರಲ್ಲಿ ಟೈಟಲ್ ಡಿಸೈನ್‌ಗೆ ಟಿವಿ ಲೋಕದ ಎಮ್ಮಿ ಪ್ರಶಸ್ತಿ ಬಂತು. ಆಫೀಸಿನಲ್ಲಿರುವ ಮನುಷ್ಯನಿಗೆ ಮನೆಯ ನೆನಪಿಲ್ಲ, ಮನೆಯಲ್ಲಿರುವವನಿಗೆ ಆಫೀಸಿನ ನೆನಪಿಲ್ಲ ಅನ್ನುವುದು ಕಥೆ. ಟೈಟಲ್‌ನ ಮುಖ್ಯ ಸಾಮಗ್ರಿ ಒಬ್ಬನೇ ಮನುಷ್ಯನ ದೇಹ. ಅವನು ಕರಗುತ್ತಾನೆ, ಒಬ್ಬ ಹಲವರಾಗುತ್ತಾನೆ, ಅವನ ತಲೆಯೊಳಗೂ ಅವನೇ. ನನ್ನ ಕಣ್ಣಿಗೆ ಬಿದ್ದದ್ದು ಆ ಚಿತ್ರಗಳಿಗಿಂತ ಜಾಸ್ತಿ ಅವುಗಳ ಭಾರ. ಆ ದೇಹ ಹದವಾಗಿ ನಾದಿದ ಹಿಟ್ಟಿನ ಹಾಗೆ ಮೆತ್ತಗೆ, ತಡವಾಗಿ ಅಲುಗುತ್ತದೆ. ಎಲ್ಲಾದರೂ ಒಂದು ಕಡೆ ಚಟಕ್ಕನೆ ಪುಟಿದಿದ್ದರೆ ಆ ಭಯವೇ ಹೋಗುತ್ತಿತ್ತು.

"ಸ್ಟ್ರೇಂಜರ್ ಥಿಂಗ್ಸ್" ಟೈಟಲ್‌ನಲ್ಲಿ ಇನ್ನೂ ಕಡಿಮೆ ಸಾಮಾನು. ಇಮ್ಯಾಜಿನರಿ ಫೋರ್ಸಸ್ ಸ್ಟುಡಿಯೋ 2016ರಲ್ಲಿ ಮಾಡಿದ್ದು, ಮುಂದಿನ ವರ್ಷ ಎಮ್ಮಿ ಗೆದ್ದಿತು. ಐಟಿಸಿ ಬೆಂಗ್ವಿಯಟ್ ಫಾಂಟಿನ ಕೆಂಪು ಅಂಚಿನ ಅಕ್ಷರಗಳು ಕಣ್ಣಿಗೆ ಒತ್ತಿ ಹಿಡಿದಷ್ಟು ಹತ್ತಿರದಿಂದ ಹಾದುಹೋಗುತ್ತವೆ, ಮೆಲ್ಲಗೆ ಕೂಡಿಕೊಂಡು ಹೆಸರಾಗುತ್ತವೆ. ಇಷ್ಟೇ. ಆದರೆ ಆ ಕೆಂಪು ಬೆಳಕು ಹೇಗಿರಬೇಕು ಅಂತ ತಿಳಿಯಲು ತಂಡದವರು ಅಕ್ಷರಗಳನ್ನು ನಿಜವಾದ ಫಿಲ್ಮ್ ಹಾಳೆಯ ಮೇಲೆ ತೆಗೆಸಿ, ಹಿಂದಿನಿಂದ ಬೆಳಕು ಬಿಟ್ಟು ನೋಡಿದರು. ಬೆಳಕು ಎಲ್ಲಾ ಕಡೆ ಒಂದೇ ಸಮ ಬರುವುದಿಲ್ಲ. ಅಲ್ಲಲ್ಲಿ ಸೋರುತ್ತದೆ, ಅಂಚಿನಲ್ಲಿ ನಡುಗುತ್ತದೆ. ಆ ಸಣ್ಣ ಕುಂದುಗಳನ್ನು ಕಂಪ್ಯೂಟರಿನಲ್ಲಿ ಮಾಡಿದ ಕೆಲಸಕ್ಕೆ ತಂದರು. ನಿಮ್ಮ ಎರಡನೇ ತುಣುಕಿನಲ್ಲೂ ಕೆಂಪು ಗ್ಲೋ ಇದೆ, ಅಲ್ವಾ? ಅದು ಅಂಚಿನುದ್ದಕ್ಕೂ ಒಂದೇ ದಪ್ಪ, ಒಂದೇ ಪ್ರಖರತೆ. ಕಣ್ಣು ಅದನ್ನು ಬೆಳಕು ಅಂತ ನಂಬುವುದಿಲ್ಲ.

ಬ್ರ್ಯಾಂಡ್ ಕೆಲಸದಲ್ಲಿ ನನಗೆ ಈಚೆಗೆ ತುಂಬಾ ಇಷ್ಟವಾದದ್ದು ಆಪಲ್ ಟಿವಿ 2025ರಲ್ಲಿ ತಂದ ಹೊಸ ಲೋಗೋ ತುಣುಕು. ಬಣ್ಣಬಣ್ಣದ ಆ ಹೊಳಪನ್ನು ನೋಡಿದ ಯಾರಿಗಾದರೂ ಇದು ಕಂಪ್ಯೂಟರ್ ಗ್ರಾಫಿಕ್ಸ್ ಅನ್ನಿಸುತ್ತದೆ. ಆದರೆ ಅವರು ಲೋಗೋವನ್ನು ನಿಜವಾದ ಗಾಜಿನಲ್ಲಿ ಮಾಡಿಸಿ, ಬೆಳಕನ್ನು ಅದರ ಸುತ್ತ ಸರಿಸುತ್ತಾ ಕ್ಯಾಮೆರಾದಲ್ಲಿ ಹಿಡಿದಿದ್ದಾರೆ. ಎಲ್ಲರೂ ಗಾಜಿನಲ್ಲೇ ಲೋಗೋ ಮಾಡಿಸಬೇಕು ಅಂತ ನಾನು ಹೇಳುತ್ತಿಲ್ಲ. ಇಲ್ಲೂ ಕಟ್ಟುಪಾಡು ಒಂದೇ ಇದೆ ನೋಡಿ: ಕಣ್ಣನ್ನು ಹಿಡಿಯುವುದು ಗಾಜಿನ ಮೇಲೆ ಅಲುಗುವ ಬೆಳಕು. ಟೇಬಲ್ ಮೇಲೆ ಒಂದು ಗಾಜಿನ ಲೋಟ ಇಟ್ಟು, ಕೋಣೆ ಕತ್ತಲು ಮಾಡಿ, ಫೋನಿನ ಟಾರ್ಚ್ ಹಿಡಿದು ಅದರ ಸುತ್ತ ಒಮ್ಮೆ ಕೈ ಆಡಿಸಿ. ಹೊಳಪು ಅಂಚಿನಲ್ಲಿ ಓಡುವ ವೇಗ, ತಿರುವಿನಲ್ಲಿ ಒಡೆದು ಎರಡಾಗುವ ರೀತಿ, ಇದ್ದಕ್ಕಿದ್ದಂತೆ ಮಾಯವಾಗುವುದು, ಇವನ್ನೆಲ್ಲ ಯಾವ ಪ್ಲಗಿನ್ನೂ ನಿಮಗೆ ಕಲಿಸುವುದಿಲ್ಲ.

ಇನ್ನು ಅನಿಮೇಷನ್ ಸಿನಿಮಾ ಕಡೆಯಿಂದ ಒಂದೇ ಉದಾಹರಣೆ. "ಸ್ಪೈಡರ್-ಮ್ಯಾನ್: ಇನ್‌ಟು ದ ಸ್ಪೈಡರ್-ವರ್ಸ್", 2018. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಆದರೆ ಹೊಸದಾಗಿ ಶಕ್ತಿ ಬಂದ ಹುಡುಗ ಮೈಲ್ಸ್‌ನ ಭಂಗಿ ಎಷ್ಟೋ ಕಡೆ ಎರಡು ಫ್ರೇಮಿಗೊಮ್ಮೆ ಬದಲಾಗುತ್ತದೆ. ಅಂದರೆ ಸೆಕೆಂಡಿಗೆ 12 ಭಂಗಿ. ಅವನ ಪಕ್ಕದಲ್ಲೇ ಹಾರುವ ಅನುಭವಿ ಪೀಟರ್ ಪ್ರತಿ ಫ್ರೇಮಿಗೂ ಬದಲಾಗುತ್ತಾನೆ. ಒಬ್ಬ ತಡವರಿಸುತ್ತಾನೆ, ಇನ್ನೊಬ್ಬ ನೀರಿನಂತೆ ಹರಿಯುತ್ತಾನೆ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಕಲಿಕೆಯವನು ಯಾರು ಅಂತ ಗೊತ್ತಾಗಿಬಿಡುತ್ತದೆ. ಆಮೇಲೆ ಈ ತಂತ್ರವನ್ನು ಕಂಡಕಂಡಲ್ಲೆಲ್ಲ ಬಳಸಿದ್ದನ್ನು ನೋಡಿದ್ದೇನೆ. ಪಾತ್ರಕ್ಕೆ ಸಂಬಂಧ ಇಲ್ಲದೆ ಸುಮ್ನೆ ಫ್ರೇಮ್ ಕಡಿಮೆ ಮಾಡಿದರೆ ವೀಡಿಯೊ ತೊದಲಿದ ಹಾಗೆ ಕಾಣುತ್ತದೆ, ಅಷ್ಟೇ. ನಿಮ್ಮ ಮೂರನೇ ತುಣುಕಿನಲ್ಲಿ ಆಗಿರುವುದೂ ಅದೇ.

ಹಾಗಾದರೆ ಕಟ್ಟುಪಾಡು ಎಲ್ಲಿಂದ ಬರುತ್ತದೆ? ಒಂದು ಉದಾಹರಣೆ ಇಟ್ಟುಕೊಂಡು ಪೂರ್ತಿ ಹೇಳುತ್ತೇನೆ. ಬೀಗ ಮಾಡುವ ಒಂದು ಕಂಪನಿಗೆ ಲೋಗೋ ಅನಿಮೇಷನ್ ಬೇಕು ಅಂತ ಅಂದುಕೊಳ್ಳಿ. ಕಂಪ್ಯೂಟರ್ ಆನ್ ಮಾಡುವ ಮೊದಲು ಒಂದು ನಿಜವಾದ ಬೀಗ ಕೈಗೆ ತೆಗೆದುಕೊಳ್ಳಿ. ಹತ್ತು ಸಲ ತೆಗೆದು ಹಾಕಿ. ಕೀಲಿ ಶುರುವಿನಲ್ಲಿ ಸ್ವಲ್ಪ ಬಿಗಿ ಹಿಡಿಯುತ್ತದೆ. ಆಮೇಲೆ ಒಮ್ಮೆಲೇ ಸಡಿಲಾಗಿ ತಿರುಗುತ್ತದೆ. ಕೊನೆಗೆ ಎಲ್ಲೋ ತಾಗಿ ಕಟ್ ಅನ್ನುತ್ತದೆ, ಬೆರಳಿಗೆ ಒಂದು ಕೂದಲೆಳೆಯಷ್ಟು ಹಿಂದೆ ಬಂದ ಹಾಗೆ ಅನ್ನಿಸುತ್ತದೆ. ಈಗ ಕಾಗದದ ಮೇಲೆ ಒಂದು ವಾಕ್ಯ ಬರೆಯಿರಿ: "ಎಲ್ಲವೂ ಕಾಲು ಸುತ್ತು ತಿರುಗಿ, ತಾಗಿ ನಿಲ್ಲುತ್ತದೆ. ಯಾವುದೂ ಮಸುಕಾಗಿ ಮೂಡುವುದಿಲ್ಲ, ಮಸುಕಾಗಿ ಮರೆಯಾಗುವುದಿಲ್ಲ." ಆ ಒಂದು ವಾಕ್ಯದಿಂದ ಫೇಡ್ ಹೋಯಿತು, ಹೊಳಪು ಹೋಯಿತು, ಕಣಗಳೂ ಹೋದವು.

ಈಗ ಟೈಮ್‌ಲೈನ್‌ಗೆ ಬನ್ನಿ. ನೀವು ಎರಡು ಕೀಫ್ರೇಮ್, ಅಂದರೆ ಚಲನೆಯ ಶುರು ಮತ್ತು ಕೊನೆಯ ಗುರುತು, ಹಾಕಿ ಎಫ್9 ಒತ್ತುತ್ತೀರಿ, ಈಸಿ ಈಸ್ ಅನ್ನುವ ರೆಡಿಮೇಡ್ ವೇಗ ಬರುತ್ತದೆ. ಅದು ಎರಡೂ ಕಡೆಗೆ 33.33 ಶೇಕಡಾ ಪ್ರಭಾವ ಕೊಡುತ್ತದೆ. ಹೊರಡುವಾಗ ಎಷ್ಟು ಮೆಲ್ಲಗೋ ನಿಲ್ಲುವಾಗಲೂ ಅಷ್ಟೇ ಮೆಲ್ಲಗೆ. ನಿಮ್ಮ 12 ಸೆಕೆಂಡಿನಲ್ಲಿ ಎಲ್ಲಾ ಚಲನೆಯೂ ಇದೇ. ಎಷ್ಟೋ ಜನರ ಕೆಲಸದಲ್ಲೂ ಇದೇ ಇರುತ್ತದೆ, ಆದ್ದರಿಂದ ಕಣ್ಣಿಗೆ ಇದು ಹಳಸಿದೆ. ನಮ್ಮ ಬೀಗ ಹೀಗೆ ತಿರುಗುವುದೇ ಇಲ್ಲ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಅದಕ್ಕೆ ನಾನು ಕೊಡುವ ಅಳತೆ ಇದು: ಮೊದಲ 3 ಫ್ರೇಮಿನಲ್ಲಿ ಬರೀ 4 ಡಿಗ್ರಿ, ಆ ಬಿಗಿ ಕಾಣಬೇಕು. ಮುಂದಿನ 4 ಫ್ರೇಮಿನಲ್ಲಿ 4ರಿಂದ 93 ಡಿಗ್ರಿಗೆ. ಆಮೇಲೆ 2 ಫ್ರೇಮಿನಲ್ಲಿ 90ಕ್ಕೆ ವಾಪಸ್. ಒಟ್ಟು 9 ಫ್ರೇಮ್. ಅಂದರೆ ಅರ್ಧ ಸೆಕೆಂಡಿಗಿಂತ ಕಡಿಮೆ. ಆಮೇಲೆ 15 ಫ್ರೇಮ್ ಏನೂ ಆಗಬಾರದು. ಪರದೆ ಪೂರ್ತಿ ಸ್ತಬ್ಧ. ಆ 15 ಫ್ರೇಮೇ ಬೀಗ ಭದ್ರವಾಗಿ ಕೂತಿದೆ ಅಂತ ಹೇಳುವುದು. ನಿಮ್ಮ ತುಣುಕುಗಳಲ್ಲಿ ನನಗೆ ಒಂದೇ ಒಂದು ನಿಲುಗಡೆ ಸಿಗಲಿಲ್ಲ. ಒಂದು ಚಲನೆ ಮುಗಿಯುವ ಮೊದಲೇ ಇನ್ನೊಂದು ಶುರುವಾಗಿರುತ್ತದೆ.

"ಕಟ್" ಶಬ್ದ ಎಲ್ಲಿ ಕೂರಬೇಕು? 93 ಡಿಗ್ರಿ ಮುಟ್ಟುವ ಆ 7ನೇ ಫ್ರೇಮಿಗೇ. ಹೊಂದದಿದ್ದರೆ ಒಂದು ಫ್ರೇಮ್ ತಡವಾದರೂ ಪರವಾಗಿಲ್ಲ, ಮೊದಲೇ ಬರಬಾರದು. ಪ್ರಸಾರದ ಅಂತಾರಾಷ್ಟ್ರೀಯ ಮಾನದಂಡದಲ್ಲೇ ಇದಕ್ಕೆ ಅಂಕಿ ಇದೆ. ಶಬ್ದ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದೆ ಬಂದರೆ ಜನರಿಗೆ ಗೊತ್ತಾಗಿಬಿಡುತ್ತದೆ. ಹಿಂದೆ ಬಿದ್ದರೆ 125 ಮಿಲಿಸೆಕೆಂಡ್‌ವರೆಗೂ ಗೊತ್ತಾಗುವುದಿಲ್ಲ. 24ರಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 42 ಮಿಲಿಸೆಕೆಂಡ್. ದೂರದಲ್ಲಿ ಬಟ್ಟೆ ಒಗೆಯುವವರ ಬಡಿತ ಕಣ್ಣಿಗೆ ಮೊದಲು ಕಾಣುತ್ತದೆ, ಆಮೇಲೆ ಕೇಳುತ್ತದೆ. ತಡವಾದ ಶಬ್ದ ನಮಗೆ ಹುಟ್ಟಿನಿಂದ ರೂಢಿ.

ಟ್ರೇಲರ್ ವಿಷಯಕ್ಕೆ ಬಂದರೆ, ಅಲ್ಲಿ ಮೋಷನ್ ಡಿಸೈನರ್ ಎರಡನೆಯವನು. ಮೊದಲನೆಯವನು ಎಡಿಟರ್. ಅವರು ಕಟ್ಟಿದ ಲಯದ ನಡುವೆ ನಿಮ್ಮ ಅಕ್ಷರಗಳು ಬರುತ್ತವೆ. ನಾನು ಈ ಕೆಲಸಕ್ಕೆ ಹೊಸದಾಗಿದ್ದಾಗ ಒಂದು ಟ್ರೇಲರ್‌ಗೆ ನಾಲ್ಕು ಪದದ ಒಂದು ಸಾಲು ಮಾಡಿದ್ದೆ. ಲೋಹದ ಅಕ್ಷರ, ಅಂಚಿನಲ್ಲಿ ಕಿಡಿ, ಎಲ್ಲಾ ಇತ್ತು. ಪರದೆಯ ಮೇಲೆ ಇದ್ದದ್ದು 14 ಫ್ರೇಮ್. ಮೂರು ವಾರ ನೋಡಿ ನೋಡಿ ನಮಗೆಲ್ಲ ಆ ಸಾಲು ಬಾಯಿಪಾಠ ಆಗಿತ್ತು. ಹಾಗಾಗಿ ನಮ್ಮಲ್ಲಿ ಒಬ್ಬರಿಗೂ ಅದು ಚಿಕ್ಕದು ಅನ್ನಿಸಲಿಲ್ಲ. ಮೊದಲ ಸಲ ಹೊರಗಿನವರಿಗೆ ತೋರಿಸಿದಾಗ ಆ ಸಾಲಿನಲ್ಲಿ ಏನಿತ್ತು ಅಂತ ಕೇಳಿದೆ. ಏನೋ ಹೊಳೆಯಿತು ಅಂದರು. ಓದಿದವರು ಒಬ್ಬರೂ ಇರಲಿಲ್ಲ. ಆ ರಾತ್ರಿ ಕಿಡಿ ತೆಗೆದು, ಸಾದಾ ಬಿಳಿ ಅಕ್ಷರ ಮಾಡಿ, 40 ಫ್ರೇಮಿಗೆ ಎಳೆದೆ. ಅಂದಿನಿಂದ ನಾನು ಪಾಲಿಸುವ ರೂಢಿ ಇದು: ಸಾಲನ್ನು ಮಾತಾಡುವ ವೇಗದಲ್ಲಿ ಜೋರಾಗಿ ಎರಡು ಸಲ ಓದಬೇಕು. ಅಷ್ಟು ಹೊತ್ತು ಅದು ನಿಂತಿರಬೇಕು. ಬಂದು ಹೋಗುವ ಚಲನೆಯ ಫ್ರೇಮ್‌ಗಳನ್ನು ಈ ಲೆಕ್ಕಕ್ಕೆ ಸೇರಿಸಬಾರದು.

ಕನ್ನಡ ಅಕ್ಷರಗಳಲ್ಲಿ ಕೆಲಸ ಮಾಡುವಾಗ ಇನ್ನೊಂದು ಎಚ್ಚರ. ಅಕ್ಷರವನ್ನು ಒಂದೊಂದಾಗಿ ಪುಟಿಸುವ ರೆಡಿಮೇಡ್ ಪ್ರಿಸೆಟ್‌ಗಳು ಬಿಡಿಬಿಡಿ ಅಕ್ಷರದ ಲಿಪಿಗೆ ಮಾಡಿದವು. ಸಾಫ್ಟ್‌ವೇರಿನಲ್ಲಿ ಅಕ್ಷರ ಜೋಡಿಸುವ ಭಾಗವನ್ನು (ಟೆಕ್ಸ್ಟ್ ಎಂಜಿನ್) ಸರಿಯಾಗಿ ಹೊಂದಿಸದಿದ್ದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಹಾರುತ್ತದೆ. ನಾನು ಪದವನ್ನು ಬರೀ ಆಕಾರಗಳಾಗಿ (ಶೇಪ್ ಲೇಯರ್) ಬದಲಿಸಿ, ಒತ್ತು, ಗುಣಿತದ ಸಮೇತ ಒಂದೊಂದು ಅಕ್ಷರವನ್ನೂ ಕೈಯಾರೆ ಗುಂಪು ಮಾಡುತ್ತೇನೆ. ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ. ಮಾಡಲೇಬೇಕು.

ಮಿಂಚುವ, ನಡುಗುವ ದೃಶ್ಯಗಳ ಬಗ್ಗೆಯೂ ಹೇಳಬೇಕು, ಯಾಕೆಂದರೆ ನಿಮ್ಮ ಎರಡನೇ ತುಣುಕಿನ ಕೊನೆಯಲ್ಲಿ ಒಂದು ಸೆಕೆಂಡಿಗೆ ಎಂಟು ಸಲ ಬಿಳಿ ಕೆಂಪು ಮಿಂಚಿದೆ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪೋಕೆಮಾನ್‌ನ ಒಂದು ಕಂತಿನಲ್ಲಿ ಕೆಂಪು ನೀಲಿ ವೇಗವಾಗಿ ಮಿಂಚಿದ್ದಕ್ಕೆ ಆರುನೂರಕ್ಕೂ ಹೆಚ್ಚು ಜನರನ್ನು, ಹೆಚ್ಚಿನವರು ಮಕ್ಕಳು, ಆಸ್ಪತ್ರೆಗೆ ಸಾಗಿಸಬೇಕಾಯಿತು. ವೆಬ್‌ನ ಮಾನದಂಡ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಂಚು ಬೇಡ ಅನ್ನುತ್ತದೆ. ದಯವಿಟ್ಟು ಅದನ್ನು ಇವತ್ತೇ ತೆಗೆಯಿರಿ.

ಬ್ರ್ಯಾಂಡ್ ಕೆಲಸ ಈಗ ತುಂಬಾ ಬದಲಾಗಿದೆ. ಮೊದಲು ಲೋಗೋ ಅನಿಮೇಷನ್ ಅಂದರೆ ಜಾಹೀರಾತಿನ ಕೊನೆಯ ಮೂರು ಸೆಕೆಂಡು. ಈಗ ಅದು ಆ್ಯಪ್ ತೆರೆದಾಗ, ಬಟನ್ ಒತ್ತಿದಾಗ, ಕಾಯುವಾಗ, ಎಲ್ಲೆಲ್ಲೂ ಇರುತ್ತದೆ. ಹಾಗಾಗಿ ಒಂದು ವೀಡಿಯೊ ಕೊಟ್ಟು ಕೈತೊಳೆದುಕೊಳ್ಳಲು ಆಗುವುದಿಲ್ಲ. ಯಾವುದು ಎಂದಿಗೂ ಬದಲಾಗಬಾರದು, ಯಾವುದು ಬದಲಾಗಬಹುದು ಅಂತ ಬರೆದು ಕೊಡಬೇಕು. ಈ ಯೋಚನೆ ಹೊಸದೇನಲ್ಲ. 1981ರಲ್ಲಿ ಎಂಟಿವಿ ಶುರುವಾದಾಗ ಆ ದಪ್ಪ ಎಂ ಅಕ್ಷರದ ಆಕಾರ ಹಾಗೇ ಇರುತ್ತಿತ್ತು, ಅದರೊಳಗಿನ ಬಣ್ಣ, ವಸ್ತು, ಚಿತ್ರ ಮಾತ್ರ ಬದಲಾಗುತ್ತಲೇ ಇತ್ತು. 2015ರಲ್ಲಿ ಗೂಗಲ್ ಲೋಗೋ ಬದಲಿಸಿದಾಗ ನಾಲ್ಕು ಬಣ್ಣದ ಚುಕ್ಕಿಗಳನ್ನೂ ತಂದಿತು. ನೀವು ಮಾತಾಡುವಾಗ ಅವು ಅಲೆಯಾಗುತ್ತಿದ್ದವು, ಉತ್ತರ ಹುಡುಕುವಾಗ ಸುತ್ತುತ್ತಿದ್ದವು. ಲೋಗೋ ಏನು ಮಾಡುತ್ತಿದೆ ಅಂತ ಚಲನೆಯೇ ಹೇಳುತ್ತಿತ್ತು. 2019ರಲ್ಲಿ ನೆಟ್‌ಫ್ಲಿಕ್ಸ್‌ನ ಎನ್ ಅಕ್ಷರ ಬಣ್ಣಬಣ್ಣದ ಎಳೆಗಳಾಗಿ ಬಿಚ್ಚಿಕೊಳ್ಳುವ ತುಣುಕು ಬಂತು. ಅದಕ್ಕೂ ಮೊದಲೇ ಇದ್ದ "ಟುಡುಮ್" ಶಬ್ದವನ್ನು ಮಾತ್ರ ಅವರು ಮುಟ್ಟಲಿಲ್ಲ. ಕಣ್ಣು ಮುಚ್ಚಿದ್ದರೂ ಗುರುತು ಸಿಗುವುದು ಆ ಶಬ್ದದಿಂದ. ಅದನ್ನು ಉಳಿಸಿಕೊಂಡದ್ದು ಜಾಣತನ ಅಂತ ನನ್ನ ಅಭಿಪ್ರಾಯ.

ಆ್ಯಪ್‌ಗಳಿಗೆ ಕೊಡಬೇಕಾದರೆ ಲಾಟಿ (Lottie) ಅನ್ನುವ ಸಾಧನ ಕಲಿಯಿರಿ. ವಸತಿ ಬುಕಿಂಗ್ ಕಂಪನಿ ಏರ್‌ಬಿಎನ್‌ಬಿಯ ತಂಡ 2017ರಲ್ಲಿ ಬಿಡುಗಡೆ ಮಾಡಿದ್ದು. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮಾಡಿದ ಚಲನೆ ವೀಡಿಯೊ ಆಗದೆ ಸಣ್ಣ ಕೋಡ್ ಫೈಲ್ ಆಗಿ ಫೋನಿಗೆ ಹೋಗುತ್ತದೆ. ಕಾಗದ ಕತ್ತರಿಸಿ ನೆರಳಿನಂಥ ಆಕೃತಿಗಳಿಂದ ಅನಿಮೇಷನ್ ಸಿನಿಮಾ ಮಾಡಿದ ಲಾಟೆ ರೈನಿಗರ್ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಇಲ್ಲಿ ಎಲ್ಲಾ ಎಫೆಕ್ಟೂ ನಡೆಯುವುದಿಲ್ಲ. ಆಕಾರ, ಬಣ್ಣ, ಸ್ಥಾನ, ವೇಗ, ಇಷ್ಟರಲ್ಲೇ ಮಾಡಬೇಕು. ನಿಮ್ಮಂಥವರಿಗೆ ಇದು ಒಳ್ಳೆಯ ಪಾಠಶಾಲೆ. ಫೋನಿನಲ್ಲಿ ಚಲನೆ ಕಡಿಮೆ ಮಾಡುವ ಸೆಟ್ಟಿಂಗ್ ಹಾಕಿಕೊಂಡವರಿಗೆ ಏನು ಕಾಣಬೇಕು ಅಂತಲೂ ಯೋಚಿಸಿ. ಕೆಲವರಿಗೆ ಜಾಸ್ತಿ ಚಲನೆ ನೋಡಿದರೆ ತಲೆ ಸುತ್ತುತ್ತದೆ.

ಸ್ಕಿಪ್ ಬಟನ್ ಬಗ್ಗೆ ಕೇಳಿದ್ದೀರಿ. ನೆಟ್‌ಫ್ಲಿಕ್ಸ್‌ನಲ್ಲಿ ಆ ಬಟನ್ 2017ರಲ್ಲಿ ಬಂತು. ದಿನಕ್ಕೆ 13.6 ಕೋಟಿ ಸಲ ಅದನ್ನು ಒತ್ತುತ್ತಾರೆ ಅಂತ ನೆಟ್‌ಫ್ಲಿಕ್ಸ್ 2022ರಲ್ಲಿ ಹೇಳಿತು. ದೊಡ್ಡ ಸಂಖ್ಯೆ, ನಿಜ. ಆದರೆ 1955ಕ್ಕೆ ಹೋಗಿ. "ದ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್" ಸಿನಿಮಾದ ರೀಲ್ ಡಬ್ಬಿಗಳ ಮೇಲೆ ಪ್ರೊಜೆಕ್ಟರ್ ನಡೆಸುವವರಿಗೆ ಒಂದು ಚೀಟಿ ಅಂಟಿಸಿದ್ದರು: ಟೈಟಲ್ ಶುರುವಾಗುವ ಮೊದಲೇ ಮುಂದಿನ ಬಟ್ಟೆಯ ಪರದೆ ಸರಿಸಿ ಅಂತ. ಯಾಕೆಂದರೆ ಆಗೆಲ್ಲ ಟೈಟಲ್‌ಗಳು ಮುಚ್ಚಿದ ಪರದೆಯ ಮೇಲೇ ಓಡಿಹೋಗುತ್ತಿದ್ದವು, ಯಾರೂ ನೋಡುತ್ತಿರಲಿಲ್ಲ. ಆ ಟೈಟಲ್ ಮಾಡಿದ ಸಾಲ್ ಬಾಸ್ ಬಳಸಿದ್ದು ಕಪ್ಪು ಹಿನ್ನೆಲೆ, ಕೆಲವು ಬಿಳಿ ಪಟ್ಟಿಗಳು, ಕೊನೆಗೆ ಕತ್ತರಿಸಿದಂಥ ಒಂದು ಸೊಟ್ಟ ಕೈ. ಪಟ್ಟಿಗಳು ಒಂದೊಂದಾಗಿ ಚೂಪಾಗಿ ಬರುತ್ತವೆ, ಅಷ್ಟೇ ಚಲನೆ. ಮಾದಕ ವಸ್ತುವಿನ ಚಟದ ಕಥೆ ಅದು. ಜನ ನೋಡದ ಜಾಗದಲ್ಲೇ ಈ ಕಲೆ ಬೆಳೆದದ್ದು. ಸ್ಕಿಪ್ ಬಟನ್ ಇರುವಾಗಲೇ "ಸೆವೆರನ್ಸ್" ಟೈಟಲ್ ಬಂತು, ಅದನ್ನು ಪ್ರತಿ ಕಂತಿಗೂ ಬಿಡದೆ ನೋಡುವವರಲ್ಲಿ ನಾನೂ ಒಬ್ಬ.

ಎಐ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2023ರಲ್ಲಿ "ಸೀಕ್ರೆಟ್ ಇನ್ವೇಷನ್" ಸೀರೀಸ್‌ನ ಟೈಟಲ್ ಅನ್ನು ಎಐ ಬಳಸಿ ಮಾಡಿದಾಗ ಕಲಾವಿದರಿಂದ ತುಂಬಾ ವಿರೋಧ ಬಂತು. ವಿರೋಧಕ್ಕೆ ಕಾರಣ ಇತ್ತು, ನಾನು ಅವರ ಕಡೆಯೇ. ಕಲಿಯುವವರಿಗೆ ನಾನು ಹೇಳುವುದು ಬೇರೆ ಮಾತು. ಯಂತ್ರಕ್ಕೆ ಬೀಗದ ವೀಡಿಯೊ ಮಾಡು ಅಂದರೆ ಮಾಡಿಕೊಡುತ್ತದೆ. ಆದರೆ 7ನೇ ಫ್ರೇಮಿಗೆ ತಾಗಬೇಕು, 15 ಫ್ರೇಮ್ ಮಿಸುಕಬಾರದು ಅಂತ ತೀರ್ಮಾನಿಸಲು ಯಾರೋ ಒಬ್ಬರು ನಿಜವಾದ ಬೀಗವನ್ನು ಕೈಯಲ್ಲಿ ಹಿಡಿದಿರಬೇಕು. ಆ ಒಬ್ಬರು ನೀವಾಗಿ. ಕೆಲಸದಲ್ಲಿ ಎಐ ಬಳಸಿದರೆ ಮೊದಲೇ ಕೆಲಸ ಕೊಟ್ಟವರಿಗೆ ಹೇಳಿ, ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಇನ್ನು ಮುಂದಿನ ಎರಡು ತಿಂಗಳು ಟ್ಯುಟೋರಿಯಲ್ ನಿಲ್ಲಿಸಿ. ನಿಮಗೆ ಇಷ್ಟವಾದ ಟೈಟಲ್‌ನಿಂದ 10 ಸೆಕೆಂಡು ತೆಗೆದುಕೊಳ್ಳಿ. ಒಂದೊಂದೇ ಫ್ರೇಮ್ ಸರಿಸಿ, ಪ್ರತಿ ಚಲನೆ ಎಷ್ಟನೇ ಫ್ರೇಮಿಗೆ ಹೊರಟಿತು, ಎಲ್ಲಿ ಅತಿ ವೇಗ, ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಮೇಲೆ ಅದೇ ಅಳತೆಯನ್ನು ಬರೀ ಬೂದು ಚೌಕಗಳಲ್ಲಿ ಮತ್ತೆ ಮಾಡಿ. ಬಣ್ಣ ಬೇಡ, ಟೆಕ್ಸ್ಚರ್ ಬೇಡ, ಗ್ಲೋ ಬೇಡ. ಮೊದಲ ದಿನ ಬೇಸರ ಬರುತ್ತದೆ. ನಾಲ್ಕನೇ ದಿನದ ಹೊತ್ತಿಗೆ ಬೂದು ಚೌಕ ಹೆದರುವುದು, ಹಿಂಜರಿಯುವುದು, ನುಗ್ಗುವುದು ಕಾಣತೊಡಗುತ್ತದೆ.

ಶೋರೀಲ್, ಅಂದರೆ ನಿಮ್ಮ ಕೆಲಸಗಳನ್ನು ಜೋಡಿಸಿ ತೋರಿಸುವ ವೀಡಿಯೊ, ಒಂದು ನಿಮಿಷ ಮೀರದಿರಲಿ. ಅತ್ಯುತ್ತಮವಾದದ್ದನ್ನು ಮೊದಲಿಗೇ ಇಡಿ, ಪ್ರತಿ ತುಣುಕಿನಲ್ಲಿ ನೀವು ಮಾಡಿದ ಭಾಗ ಯಾವುದು ಅಂತ ಮೂಲೆಯಲ್ಲಿ ಬರೆಯಿರಿ. ಈಗಿರುವ ಲೋಗೋ ತುಣುಕನ್ನು ಹಾಗೇ ಹಾಕಬೇಡಿ. ಅದರಲ್ಲಿ 4ನೇ ಸೆಕೆಂಡಿನಲ್ಲಿ ಆ ಗೆರೆ ಬೆಳೆಯುವಾಗ ಒಂದು ಕ್ಷಣ ತಡೆದು, ದಿಕ್ಕು ಬದಲಿಸುತ್ತದಲ್ಲ, ಇಡೀ ತುಣುಕಿನಲ್ಲಿ ನಿಮ್ಮ ಸ್ವಂತಿಕೆ ಕಾಣುವುದು ಅಲ್ಲಿ ಮಾತ್ರ. ಅಲ್ಲಿ ನೀವು ಎಫ್9 ಒತ್ತಿಲ್ಲ, ವೇಗದ ಗ್ರಾಫ್ ಅನ್ನು ಕೈಯಿಂದ ಎಳೆದಿದ್ದೀರಿ. ಚೌಕ, ಕಣ, ಹೊಳಪು ಎಲ್ಲಾ ತೆಗೆದುಹಾಕಿ, ಆ ಗೆರೆಯೊಂದರಿಂದಲೇ ಲೋಗೋ ಕಟ್ಟಿ. 12 ಸೆಕೆಂಡು ಬೇಡ, 3 ಸಾಕು. ಆದ ಮೇಲೆ ಮತ್ತೆ ಕಳಿಸಿ, ನೋಡುತ್ತೇನೆ.